ಕುಡಿಯುವವರ ಬಾಯಿಗೆ ಟಾರ್ಚ್ ಹಿಡಿಯೋಣ: ಹಲ್ಲು, ವಸಡು, ನಾಲಿಗೆ ಕಾಪಾಡಿಕೊಳ್ಳುವ ಬಗೆ

ನಮ್ಮ ಸೋದರಮಾವ ಮಾತಾಡುವಾಗ ಟವೆಲ್ಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಮೊಮ್ಮಗಳನ್ನು ಎತ್ತಿಕೊಂಡಾಗಲೂ ಅಷ್ಟೇ. ವಾಸನೆ ಗೊತ್ತಾಗಬಾರದು ಅಂತ. ನಾವೂ ಮುಖ ಆ ಕಡೆ ಮಾಡಿಕೊಂಡೇ ಮಾತಾಡುತ್ತಿದ್ದೆವು. ಇಪ್ಪತ್ತು ವರ್ಷ ಹೀಗೇ ಕಳೆಯಿತು. ಲಿವರ್ ಹೋಗುತ್ತೆ ಅಂತ ಬೈದವರು ಬೇಕಾದಷ್ಟು ಜನ. ಅವರ ಬಾಯೊಳಗೆ ಒಂದು ಸಲ ಇಣುಕಿ ನೋಡಿದವರು ಯಾರೂ ಇರಲಿಲ್ಲ.

ಒಂದು ದಿನ ಊಟಕ್ಕೆ ಕೂತವರು ತಟ್ಟೆ ಪಕ್ಕಕ್ಕೆ ತಳ್ಳಿದರು. "ಸಾರು ಬಾಯಿಗೆ ಇಟ್ರೆ ಉರೀತದೆ ಕಣೋ. ಮಜ್ಜಿಗೆ ಅನ್ನ ಆದ್ರೆ ಹಾಕು" ಅಂದರು. ಮಂಡ್ಯದ ಕಡೆಯ ಮನುಷ್ಯ, ಖಾರ ಇಲ್ಲದೆ ಊಟ ಮಾಡಿದವರೇ ಅಲ್ಲ. ಒಂದು ದಂತ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಹುಡುಗಿ ಡಾಕ್ಟರ್ ಮೊದಲು ಮಾಡಿದ್ದು ಇಷ್ಟೇ: ಮೆಲ್ಲಗೆ ಆ ಟವೆಲ್ ತೆಗೆದು ಪಕ್ಕಕ್ಕಿಟ್ಟರು. "ಯಜಮಾನ್ರೇ, ವಾಸನೆ ನನಗೇನೂ ಹೊಸದಲ್ಲ. ಪೂರ್ತಿ ಬಾಯಿ ಬಿಡಿ" ಅಂದರು. ಎಡಗೆನ್ನೆಯ ಒಳಗೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಬಿಳಿ ಕಲೆ ಇತ್ತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಆಗಿರಲಿಲ್ಲ, ಆದರೆ ಜೀವಕೋಶಗಳು ಬದಲಾಗಲು ಶುರುವಾಗಿದ್ದವು.

ಅಲ್ಲಿಂದ ಮೂರು ವರ್ಷ ಅವರ ಜೊತೆ ಓಡಾಡುತ್ತಾ, ಡಾಕ್ಟರುಗಳನ್ನು ಕೇಳುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಕುಡಿಯುವವರಾಗಿದ್ದರೆ ನಿಮಗೆ, ಮನೆಯಲ್ಲಿ ಕುಡಿಯುವವರು ಇದ್ದರೆ ಅವರಿಗಾಗಿ ನಿಮಗೆ. ಹೆಂಗಸರು ಗಂಡಸರು ಅಂತ ಭೇದ ಬೇಡ, ಬಾಯಿ ಎಲ್ಲರದ್ದೂ ಒಂದೇ.

ಮೊದಲು: ಬಾಯೊಳಗೆ ನಡೆಯುವುದೇನು

ನಮ್ಮ ಬಾಯಿಗೆ ಕಾವಲುಗಾರ ಅಂದರೆ ಜೊಲ್ಲು. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಊರುತ್ತದೆ. ಹುಳಿಯನ್ನು ತಣಿಸುತ್ತದೆ, ಅಂಟಿದ ಆಹಾರವನ್ನು ತೊಳೆಯುತ್ತದೆ, ಹಲ್ಲಿಗೆ ಸುಣ್ಣದ ಅಂಶ ವಾಪಸ್ ಕೊಡುತ್ತದೆ. ಕುಡಿದಾಗ ಮೂತ್ರ ಜಾಸ್ತಿ ಹೋಗುತ್ತದೆ, ಮೈ ಒಣಗುತ್ತದೆ, ಜೊಲ್ಲೂ ಕಮ್ಮಿಯಾಗುತ್ತದೆ. ಕುಡಿದ ರಾತ್ರಿ ನಡುವೆ ಎದ್ದು ಚೊಂಬು ಹುಡುಕುತ್ತಾರಲ್ವಾ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತದಲ್ವಾ, ಅದೇ ಇದು. ಕಾವಲುಗಾರ ಇಲ್ಲದ ಆ ಹೊತ್ತಲ್ಲಿ ಹಲ್ಲು ಹುಳುಕಾಗುತ್ತದೆ, ವಸಡು ಕೆಡುತ್ತದೆ.

ಎರಡನೆಯದು ಹುಳಿ. ಹಲ್ಲಿನ ಮೇಲಿನ ಗಟ್ಟಿ ಪದರಕ್ಕೆ ಎನಾಮೆಲ್ ಅಂತಾರೆ. ಹುಳಿಯನ್ನು ಪಿಎಚ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಅದು ಕರಗಲು ಶುರುವಾಗುತ್ತದೆ. ವೈನಿನ ಪಿಎಚ್ 3ರಿಂದ 4. ಬಿಯರಿನದು 4ರ ಆಸುಪಾಸು. ಬೆರೆಸಿಕೊಳ್ಳುವ ಕೋಲಾದ್ದು 2.5ರ ಹತ್ತಿರ. ವಾಂತಿಯಾದರೆ ಹೊಟ್ಟೆಯಿಂದ ಮೇಲೆ ಬರುವ ಆಮ್ಲ ಇವೆಲ್ಲಕ್ಕಿಂತ ಹುಳಿ.

ಮೂರನೆಯದೇ ದೊಡ್ಡದು. ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳು ಆಲ್ಕೋಹಾಲನ್ನು ಅಲ್ಲಲ್ಲೇ ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಬದಲಾಯಿಸುತ್ತವೆ. ಅದು ಕೆನ್ನೆ, ನಾಲಿಗೆಯ ಜೀವಕೋಶಗಳನ್ನು ಕೆಡಿಸುತ್ತದೆ. ಹಲ್ಲು ಕ್ಲೀನಾಗಿಲ್ಲದ ಬಾಯಲ್ಲಿ, ಬೀಡಿ ಸಿಗರೇಟು ಸೇದುವ ಬಾಯಲ್ಲಿ ಇದು ಇನ್ನೂ ಜಾಸ್ತಿ ತಯಾರಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವ ಗುಂಪೂ ಅದೇ.

ಹೆಜ್ಜೆ 1: ಲೆಕ್ಕ ಹಾಕಿ

"ನಾನು ಬರೀ ಬಿಯರ್ ಕುಡಿಯೋದು" ಅನ್ನುವವರಿಗೆ ಈ ಲೆಕ್ಕ ಬೇಕು. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್‌ಗಳಲ್ಲಿ ಸಾಮಾನ್ಯವಾಗಿ 42.8 ಶೇಕಡಾ ಆಲ್ಕೋಹಾಲ್ ಇರುತ್ತದೆ, ಲೇಬಲ್ ನೋಡಿ. 30 ಎಂಎಲ್ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ಒಂದು ಕ್ವಾಟರ್, ಅಂದರೆ 180 ಎಂಎಲ್, 60 ಗ್ರಾಂ. ಇನ್ನು 8 ಶೇಕಡಾದ ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿ ಒಂದರಲ್ಲಿ 40 ಗ್ರಾಂ. ನಾಲ್ಕು ಸಣ್ಣ ಪೆಗ್ಗಿಗೆ ಸಮ.

ಒಂದು ವಾರ ಕುಡಿದದ್ದನ್ನೆಲ್ಲ ಕ್ಯಾಲೆಂಡರಿನ ಮೇಲೆ ಎಂಎಲ್ ಲೆಕ್ಕದಲ್ಲಿ ಬರೆಯಿರಿ. ಡಾಕ್ಟರ್ ಕೇಳಿದಾಗ "ಯಾವಾಗಲೋ ಸ್ವಲ್ಪ" ಅನ್ನುವ ಬದಲು ಆ ಹಾಳೆ ತೋರಿಸಬಹುದು. ಇಷ್ಟು ಕುಡಿದರೆ ಏನೂ ಆಗಲ್ಲ ಅನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದ್ದರಿಂದ ಒಂದು ಪೆಗ್ ಕಮ್ಮಿಯಾದರೂ ಬಾಯಿಗೆ ಅಷ್ಟು ಒಳ್ಳೆಯದು.

ಹೆಜ್ಜೆ 2: ಕುಡಿಯುವ ಹೊತ್ತಿನಲ್ಲಿ

ಎಣ್ಣೆಯ ಜೊತೆ ತಂಬಾಕು ಬೇಡ. ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ. ಬಣ್ಣ ಒಳಕ್ಕೆ ಇಳಿಯಲಿ ಅಂತ ತಿನ್ನರ್ ಹಾಕುತ್ತೇವಲ್ವಾ, ಆಲ್ಕೋಹಾಲ್ ಕೂಡ ಬಾಯಿಯ ತೆಳು ಚರ್ಮಕ್ಕೆ ಹಾಗೇ ಮಾಡುತ್ತದೆ. ತಂಬಾಕಿನ ವಿಷ ಸಲೀಸಾಗಿ ಒಳಗೆ ಇಳಿಯುತ್ತದೆ. ಎರಡರ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. 1988ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ದಿನಕ್ಕೆ ಎರಡು ಪ್ಯಾಕ್ ಸಿಗರೇಟಿನ ಜೊತೆ ನಾಲ್ಕಕ್ಕಿಂತ ಹೆಚ್ಚು ಡ್ರಿಂಕ್ ತಗೊಳ್ಳುವವರಿಗೆ ಬಾಯಿ ಮತ್ತು ಗಂಟಲ ಕ್ಯಾನ್ಸರಿನ ಅಪಾಯ, ಎರಡೂ ಇಲ್ಲದವರಿಗಿಂತ 35 ಪಟ್ಟಿಗೂ ಹೆಚ್ಚು ಕಂಡಿತ್ತು.

ನಮ್ಮ ಕಡೆ ಸಿಗರೇಟಿಗಿಂತ ಕಡ್ಡಿಪುಡಿ, ಗುಟ್ಕಾ, ಎಲೆ ಅಡಿಕೆ ಜಾಸ್ತಿ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಆದರೆ ಪಾನ್ ಮಸಾಲ ಒಂದು ಸ್ಯಾಚೆ, ತಂಬಾಕು ಇನ್ನೊಂದು ಸ್ಯಾಚೆ ತಗೊಂಡು ಅಂಗೈಯಲ್ಲೇ ಬೆರೆಸಿ ಬಾಯಿಗೆ ಹಾಕಿಕೊಳ್ಳುವುದನ್ನು ಯಾವ ಬಾರಿನ ಹೊರಗೆ ಬೇಕಾದರೂ ನೋಡಬಹುದು. "ನಂದು ಬರೀ ಅಡಿಕೆ, ತಂಬಾಕು ಇಲ್ಲ" ಅಂದರೂ ತಪ್ಪಿಸಿಕೊಳ್ಳಲು ಆಗಲ್ಲ. ಅಡಿಕೆಯೂ ಅದೇ ಮೊದಲ ಗುಂಪಿನಲ್ಲಿದೆ. ಅಡಿಕೆ ಬೆಳೆದು ಬದುಕುವ ನಾಡಿನವರಾಗಿ ಇದನ್ನು ಹೇಳಲು ಬೇಜಾರಾಗುತ್ತದೆ, ಆದರೂ ಹೇಳಲೇಬೇಕು. ನಮ್ಮ ಮಾವ ರಾತ್ರಿ ಕ್ವಾಟರ್ ಮುಗಿಸಿ ಕಡ್ಡಿಪುಡಿ ಒತ್ತರಿಸಿಕೊಂಡು ಮಲಗುತ್ತಿದ್ದರು, ಯಾವಾಗಲೂ ಎಡಗೆನ್ನೆಗೆ. ಕಲೆ ಬಂದದ್ದೂ ಅಲ್ಲೇ.

ರಾ ಹೊಡೆಯಬೇಡಿ. ನೀರು ಬೆರೆಸಿ. ಕೋಲಾ, ಸಿಹಿ ಜ್ಯೂಸ್ ಬೇಡ; 250 ಎಂಎಲ್ ಕೋಲಾದಲ್ಲಿ 25 ಗ್ರಾಮಿನಷ್ಟು ಸಕ್ಕರೆ ಇರುತ್ತದೆ. ಸಿಹಿ ಬಿದ್ದ ಮೇಲೆ ಬಾಯಿ ಸರಿಹೋಗಲು ಅರ್ಧದಿಂದ ಒಂದು ಗಂಟೆ ಬೇಕು. ಮೂರು ಗಂಟೆ ಕೂತು ಗುಟುಕು ಗುಟುಕಾಗಿ ಕುಡಿದರೆ ಆ ಮೂರು ಗಂಟೆಯೂ ಹಲ್ಲು ಹುಳಿಯಲ್ಲಿ ನೆಂದಂತೆ. ಹಾಗಂತ ಬೇಗ ಬೇಗ ಹೊಡೆದು ಮುಗಿಸಿ ಅಂತ ಹೇಳುತ್ತಿಲ್ಲ. ಪ್ರತಿ ಪೆಗ್ಗಿಗೆ ಒಂದು ಲೋಟ ಬರೀ ನೀರು ಪಕ್ಕದಲ್ಲಿರಲಿ. ಆ ನೀರನ್ನು ನುಂಗುವ ಮುಂಚೆ ಬಾಯಲ್ಲಿ ಒಮ್ಮೆ ಮುಕ್ಕಳಿಸಿ.

ನಂಚಿಕೊಳ್ಳಲು ನಿಂಬೆಹೋಳು ಚೀಪುವುದು ಬಿಡಿ. ಕಡ್ಲೆಬೀಜ, ಸೌತೆಕಾಯಿ, ಮೊಟ್ಟೆ ವಾಸಿ. ಬಾಟಲಿ ಮುಚ್ಚಳ ಹಲ್ಲಲ್ಲಿ ತೆಗೆಯಬೇಡಿ. ಒಂದು ಮುಚ್ಚಳಕ್ಕೆ ಮುಂದಿನ ಹಲ್ಲಿನ ಮೂಲೆ ಹೋಗುತ್ತದೆ.

ಕುಡಿದು ಬಿದ್ದು, ಗಾಡಿಯಿಂದ ಜಾರಿ ಹಲ್ಲು ಪೂರ್ತಿ ಕಿತ್ತುಬಂದರೆ ಎಸೆಯಬೇಡಿ. ಬೇರಿನ ಭಾಗ ಮುಟ್ಟದೆ ಬಿಳಿ ಭಾಗ ಹಿಡಿದು ಎತ್ತಿ. ಉಜ್ಜಬೇಡಿ. ಒಂದು ಲೋಟ ಹಾಲಿಗೆ ಹಾಕಿ ಒಂದು ಗಂಟೆಯೊಳಗೆ ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಅದನ್ನೇ ಮತ್ತೆ ಕೂರಿಸುವ ಸಾಧ್ಯತೆ ಇರುತ್ತದೆ. ತಲೆಗೂ ಪೆಟ್ಟಾಗಿದ್ದರೆ ಮೊದಲು ದೊಡ್ಡಾಸ್ಪತ್ರೆ.

ಹೆಜ್ಜೆ 3: ಮಲಗುವ ಮುಂಚೆ

ಕುಡಿದ ರಾತ್ರಿ ಹಲ್ಲುಜ್ಜದೆ ಮಲಗುವುದೇ ಎಲ್ಲಕ್ಕಿಂತ ದೊಡ್ಡ ನಷ್ಟ. ನಿದ್ದೆಯಲ್ಲಿ ಜೊಲ್ಲು ಹೇಗೂ ಕಮ್ಮಿ, ಅದರ ಮೇಲೆ ಎಣ್ಣೆಯ ಒಣಗು, ಸಂದಿಯಲ್ಲಿ ಖಾರ ಬೂಂದಿ. ಬೆಳಗಿನವರೆಗೆ ಬ್ಯಾಕ್ಟೀರಿಯಾಗಳಿಗೆ ಹಬ್ಬ.

ಮನೆಗೆ ಬಂದ ತಕ್ಷಣ ಉಜ್ಜಬೇಡಿ. ಹುಳಿಗೆ ಎನಾಮೆಲ್ ಮೆತ್ತಗಾಗಿರುತ್ತದೆ, ಆಗ ಬ್ರಷ್ ಹಾಕಿದರೆ ಸವೆಯುತ್ತದೆ. ಮೊದಲು ನೀರಿನಿಂದ ಚೆನ್ನಾಗಿ ಬಾಯಿ ಮುಕ್ಕಳಿಸಿ, ಊಟ ಮಾಡಿ, ಅರ್ಧ ಗಂಟೆ ಬಿಟ್ಟು ಫ್ಲೋರೈಡ್ ಇರುವ ಪೇಸ್ಟ್, ಮೆತ್ತನೆ ಬ್ರಷ್‌ನಿಂದ ಉಜ್ಜಿ. ಉಗಿದ ಮೇಲೆ ಮತ್ತೆ ಮತ್ತೆ ಮುಕ್ಕಳಿಸಬೇಡಿ, ಪೇಸ್ಟಿನ ಅಂಶ ಸ್ವಲ್ಪ ಹಲ್ಲ ಮೇಲೆ ಉಳಿಯಲಿ. ಕಟ್ಟಿಸಿದ ಹಲ್ಲಿನ ಸೆಟ್ ಹಾಕುವವರು ಅದನ್ನು ತೆಗೆದು, ತೊಳೆದು, ನೀರಲ್ಲಿ ಹಾಕಿ ಮಲಗಿ.

ವಾಂತಿಯಾಗಿದ್ದರೆ ಒಂದು ಲೋಟ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ ಕದಡಿ, ಅದರಲ್ಲಿ ಬಾಯಿ ಮುಕ್ಕಳಿಸಿ ಉಗಿಯಿರಿ. ಹುಳಿ ತಣಿಯುತ್ತದೆ. ಹಲ್ಲುಜ್ಜುವುದು ಅರ್ಧದಿಂದ ಒಂದು ಗಂಟೆ ಬಿಟ್ಟು. ಪದೇಪದೇ ವಾಂತಿಯಾಗುವವರ ಮೇಲಿನ ಮುಂದಿನ ಹಲ್ಲುಗಳ ಹಿಂಭಾಗವನ್ನು ನಾಲಿಗೆಯಿಂದಲೇ ಗುರುತಿಸಬಹುದು. ಬಳಸಿ ಉಳಿದ ಸೋಪಿನ ಚೂರಿನಂತೆ ನುಣ್ಣಗೆ, ತೆಳ್ಳಗೆ ಆಗಿರುತ್ತದೆ. ತಣ್ಣೀರು ಕುಡಿದರೆ ಜುಮ್ ಅನ್ನುತ್ತದೆ.

ಹೆಜ್ಜೆ 4: ಬೆಳಿಗ್ಗೆ

ವಾಸನೆ ಮುಚ್ಚಲು ಜನ ಮಾಡುವ ಕೆಲಸಗಳೇ ಬಾಯಿಗೆ ಎರಡನೇ ಏಟು ಕೊಡುತ್ತವೆ. ಇದ್ದಿಲು, ಉಪ್ಪು ಹಾಕಿ ತಿಕ್ಕುವುದು. ಏಲಕ್ಕಿ ಪಾನ್ ಮಸಾಲ ಜಗಿಯುವುದು. ಸಿಹಿ ಮಿಂಟ್ ಚೀಪುವುದು. ಘಾಟು ಮೌತ್‌ವಾಶ್ ಹಾಕಿ ಬಾಯಿ ಸುಡಿಸಿಕೊಳ್ಳುವುದು. ಕೆಲವು ಮೌತ್‌ವಾಶ್‌ಗಳಲ್ಲೂ ಆಲ್ಕೋಹಾಲ್ ಇರುತ್ತದೆ, ಬಾಯಿ ಇನ್ನಷ್ಟು ಒಣಗುತ್ತದೆ. ಬೇಕಿದ್ದರೆ ಆಲ್ಕೋಹಾಲ್ ಇಲ್ಲದ್ದು ಅಂತ ಕೇಳಿ ತಗೊಳ್ಳಿ. ಕ್ಲೋರ್‌ಹೆಕ್ಸಿಡಿನ್ ಅನ್ನುವುದನ್ನು ಡಾಕ್ಟರ್ ಹೇಳಿದಷ್ಟು ದಿನ ಮಾತ್ರ ಬಳಸಿ. ತಿಂಗಳುಗಟ್ಟಲೆ ಹಾಕಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ.

ಎರಡು ಲೋಟ ನೀರು ಕುಡಿದು, ಹಲ್ಲುಜ್ಜಿ, ನಾಲಿಗೆಯ ಮೇಲೆ ಟಂಗ್ ಕ್ಲೀನರನ್ನು ಹಿಂದಿನಿಂದ ಮುಂದಕ್ಕೆ ನಾಲ್ಕೈದು ಸಲ ಮೆಲ್ಲಗೆ ಎಳೆದರೆ ಸಾಕು. ಬಾಯಿ ಒಣಗಿದ್ದರೆ ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಜಗಿಯಿರಿ, ಜೊಲ್ಲು ಬರುತ್ತದೆ. ಎಣ್ಣೆಯ ಘಾಟು ಉಸಿರಿನಲ್ಲೇ, ಶ್ವಾಸಕೋಶದಿಂದಲೇ ಬರುತ್ತದೆ. ಅದನ್ನು ಯಾವ ಪೇಸ್ಟೂ ನಿಲ್ಲಿಸುವುದಿಲ್ಲ, ಸಮಯವೇ ಆಗಬೇಕು. ಹಿಂದಿನ ದಿನ ಕುಡಿಯದೇ ಇದ್ದಾಗಲೂ ಕೆಟ್ಟ ವಾಸನೆ ಇದ್ದರೆ ವಸಡು ತೋರಿಸಿಕೊಳ್ಳಿ.

ಹೆಜ್ಜೆ 5: ತಿಂಗಳಿಗೊಮ್ಮೆ ಟಾರ್ಚ್

ನಮ್ಮ ಮನೆಯಲ್ಲಿ ತಿಂಗಳ ಮೊದಲ ಭಾನುವಾರ, ತಿಂಡಿ ಆದ ಮೇಲೆ, ಜಗುಲಿಯ ಮೇಲೆ ಇದು ನಡೆಯುತ್ತದೆ. ಐದು ನಿಮಿಷದ ಕೆಲಸ. ಕೈ ತೊಳೆದುಕೊಳ್ಳಿ. ಮೊಬೈಲ್ ಟಾರ್ಚ್, ಒಂದು ಚಮಚ, ಸಣ್ಣ ಬಟ್ಟೆ ಇದ್ದರೆ ಸಾಕು. ಒಬ್ಬರೇ ಇದ್ದರೆ ಕನ್ನಡಿ ಮುಂದೆ.

ಮೊದಲು ಹೊರಗಿನಿಂದ ನೋಡಿ. ಮುಖದ ಎರಡೂ ಪಕ್ಕ ಸಮ ಇದೆಯಾ? ಕಿವಿಯ ಮುಂದೆ, ದವಡೆಯ ಮೂಲೆಯಲ್ಲಿ ಎರಡೂ ಕಡೆ ನೋವಿಲ್ಲದೆ ಊದಿದೆಯಾ? ತುಂಬಾ ವರ್ಷ ಕುಡಿದವರಲ್ಲಿ ಜೊಲ್ಲಿನ ಗ್ರಂಥಿ ಹೀಗೆ ದಪ್ಪಗಾಗುತ್ತದೆ. ನೆಂಟರು "ಮುಖ ತುಂಬಿಕೊಂಡಿದೆ, ಈಗ ಮೈಗೆ ಹತ್ತಿದೆ" ಅಂತ ಖುಷಿಪಡುತ್ತಾರೆ. ಆಮೇಲೆ ಬೆರಳ ತುದಿಯಿಂದ ಕತ್ತಿನ ಎರಡೂ ಬದಿ, ಗದ್ದದ ಕೆಳಗೆ ಒತ್ತಿ ನೋಡಿ, ಗಂಟು ಸಿಗುತ್ತಾ ಅಂತ.

ಈಗ ಬಾಯಿ ಪೂರ್ತಿ ತೆರೆಸಿ. ಅವರದೇ ಕೈಯ ಮೂರು ಬೆರಳು, ತೋರು, ನಡು, ಉಂಗುರ, ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ತೂರಿಸಲಿ. ಮೂರೂ ಹೋಗಬೇಕು. ಎರಡಕ್ಕೇ ನಿಂತರೆ ಬಾಯಿ ಬಿಗಿಯುತ್ತಿದೆ ಅಂತ ಅರ್ಥ. ಅಡಿಕೆ, ಗುಟ್ಕಾ ಹಾಕುವವರಲ್ಲಿ ಇದು ಜಾಸ್ತಿ. ನಮ್ಮ ಮಾವನಿಗೆ ಎರಡೂವರೆ ಬೆರಳು ಹೋಗುತ್ತದೆ. ಮೂರನೇ ಬೆರಳು ತೂರಿಸುವಾಗ ಕಣ್ಣಲ್ಲಿ ನೀರು ಬರುತ್ತದೆ, ಆದರೂ ಪ್ರತಿ ತಿಂಗಳು ಪ್ರಯತ್ನ ಮಾಡುತ್ತಾರೆ.

ಚಮಚದ ಹಿಂಭಾಗದಿಂದ ಒಂದೊಂದೇ ಕೆನ್ನೆ ಸರಿಸಿ ಒಳಗೆ ಬೆಳಕು ಬಿಡಿ. ತುಟಿ ಮಗುಚಿ ನೋಡಿ. ತುಟಿಯ ಮೂಲೆ ಸೀಳಿದೆಯಾ? ನಾಲಿಗೆ ಪೂರ್ತಿ ಹೊರಗೆ ಚಾಚಿಸಿ, ತುದಿಯನ್ನು ಬಟ್ಟೆಯಲ್ಲಿ ಹಿಡಿದು ಎಡಕ್ಕೆ, ಬಲಕ್ಕೆ ಎಳೆದು ಪಕ್ಕಗಳನ್ನು ಹಿಂದಿನವರೆಗೆ ನೋಡಿ. ನಾಲಿಗೆ ಮೇಲಕ್ಕೆತ್ತಿಸಿ ಅದರ ಅಡಿಯ ನೆಲ ನೋಡಿ. ಕುಡಿಯುವವರಲ್ಲಿ ಕ್ಯಾನ್ಸರ್ ಹೆಚ್ಚಾಗಿ ಶುರುವಾಗುವ ಜಾಗಗಳಲ್ಲಿ ಈ ಪಕ್ಕ ಮತ್ತು ಅಡಿ ಮುಖ್ಯ. ಕನ್ನಡಿಯಲ್ಲಿ ಸುಮ್ನೆ "ಈ" ಅಂತ ಹಲ್ಲು ನೋಡಿಕೊಂಡರೆ ಇವು ಕಾಣುವುದೇ ಇಲ್ಲ. ಕೊನೆಗೆ ತಲೆ ಹಿಂದಕ್ಕೆ ವಾಲಿಸಿ ಅಂಗುಳ, "ಆ" ಅನ್ನಿಸಿ ಗಂಟಲು.

ಹುಡುಕಬೇಕಾದ್ದು: ಬಟ್ಟೆಯಿಂದ ಒರೆಸಿದರೂ ಹೋಗದ ಬಿಳಿ ಕಲೆ. ವೆಲ್ವೆಟ್ಟಿನಂತೆ ಕಾಣುವ ಕೆಂಪು ಕಲೆ, ಇದು ಬಿಳಿಗಿಂತ ಅಪಾಯದ್ದು. ಎರಡು ವಾರ ದಾಟಿದರೂ ಮಾಯದ ಹುಣ್ಣು, ನೋವಿಲ್ಲದಿದ್ದರೂ. ಗಂಟು, ಮುಟ್ಟಿದರೆ ರಕ್ತ, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಮರಗಟ್ಟಿದ ತುಟಿ, ನುಂಗಲು ಕಷ್ಟ, ಬದಲಾದ ದನಿ. ಕಂಡ ಜಾಗದ ಫೋಟೊ ತೆಗೆದು ತಾರೀಖು ಬರೆದಿಡಿ. ಎರಡು ವಾರ ಬಿಟ್ಟು ಮತ್ತೆ ನೋಡಿ. ಅಲ್ಲೇ ಇದ್ದರೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ಎಲ್ಲ ಕಲೆಯೂ ಕ್ಯಾನ್ಸರ್ ಅಲ್ಲ, ಹೆಚ್ಚಿನವು ಅಲ್ಲವೇ ಅಲ್ಲ. ಆದರೆ ಅದನ್ನು ಹೇಳಬೇಕಾದವರು ಡಾಕ್ಟರ್. "ಬಿ ಕಾಂಪ್ಲೆಕ್ಸ್ ನುಂಗು, ಹೋಗುತ್ತೆ" ಅಂತ ಮೆಡಿಕಲ್ ಶಾಪಿನಲ್ಲಿ ಹೇಳಿದ್ದನ್ನು ನಂಬಿಕೊಂಡು ನಾವು ಎರಡು ತಿಂಗಳು ಕಳೆದೆವು.

ಉರಿ, ನುಣ್ಣಗಾದ ಕೆಂಪು ನಾಲಿಗೆ, ಸೀಳಿದ ತುಟಿಮೂಲೆ, ಇವು ವಿಟಮಿನ್ ಮತ್ತು ಕಬ್ಬಿಣದ ಅಂಶ ಕಮ್ಮಿಯಾಗಿಯೂ ಬರುತ್ತವೆ ನಿಜ. ಊಟ ಬಿಟ್ಟು ಕುಡಿಯುವವರಲ್ಲಿ ಸಾಮಾನ್ಯ. ತೋರಿಸಿದ ಮೇಲೆ ಮಾತ್ರೆ.

ಹೆಜ್ಜೆ 6: ಹಲ್ಲಿನ ಡಾಕ್ಟರ ಮುಂದೆ

ಆರು ತಿಂಗಳಿಗೊಮ್ಮೆ ಹೋಗಿ. ದಂತ ಕಾಲೇಜುಗಳ ಹೊರರೋಗಿ ವಿಭಾಗದಲ್ಲಿ ಕಡಿಮೆ ಖರ್ಚಿಗೆ ಆಗುತ್ತದೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ ಅನ್ನುವುದು ಸುಳ್ಳು. ಗಟ್ಟಿಕಟ್ಟಿದ ಕಿಟ್ಟ ಹೋದಾಗ ಮೊದಲೇ ಸಡಿಲವಾಗಿದ್ದದ್ದು ಗೊತ್ತಾಗುತ್ತದೆ, ಅಷ್ಟೇ.

ಧೈರ್ಯಕ್ಕೆ ಅಂತ ಕುಡಿದು ಹೋಗಬೇಡಿ. ಎಷ್ಟು ಕುಡಿಯುತ್ತೀರಿ ಅಂತ ನಿಜ ಹೇಳಿ. ಲಿವರ್ ಕೆಟ್ಟಿದ್ದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರಿಗೆ ಅದು ಗೊತ್ತಿರಬೇಕು. ಕಿತ್ತ ಮೇಲೆ ಗುಳಿಯಲ್ಲಿ ಕಟ್ಟುವ ರಕ್ತದ ಗಡ್ಡೆಯೇ ಗಾಯಕ್ಕೆ ಮುಚ್ಚಳ. ಕುಡಿದರೆ, ಸೇದಿದರೆ, ಜೋರಾಗಿ ಮುಕ್ಕಳಿಸಿದರೆ ಅದು ಕಿತ್ತುಹೋಗಿ ಮೂಳೆ ತೆರೆದುಕೊಳ್ಳುತ್ತದೆ. ಆ ನೋವು ಹಲ್ಲುನೋವಿಗಿಂತ ಕೆಟ್ಟದ್ದು. ಕನಿಷ್ಠ ಮೂರು ದಿನ ಎಣ್ಣೆ ಮುಟ್ಟಬೇಡಿ.

ಹಲ್ಲಿನ ಸೋಂಕಿಗೆ ಮೆಟ್ರೊನಿಡಜೋಲ್ ಮಾತ್ರೆ ಬರೆಯುವುದು ಸಾಮಾನ್ಯ. ಅದನ್ನು ತಗೊಳ್ಳುವಷ್ಟು ದಿನ, ಮುಗಿದ ಮೇಲೂ ಮೂರು ದಿನ ಕುಡಿಯಬೇಡಿ. ವಾಂತಿ, ಮುಖ ಕೆಂಪಾಗುವುದು, ಎದೆ ಬಡಿತ ಜೋರಾಗುವುದು ಆಗಬಹುದು. ನೋವಿನ ಮಾತ್ರೆಗಳೂ ಅಷ್ಟೇ. ಪ್ಯಾರಾಸಿಟಮಾಲ್ ಕುಡಿಯುವವರ ಲಿವರಿಗೆ, ಐಬುಪ್ರೊಫೆನ್‌ನಂಥವು ಹೊಟ್ಟೆಗೆ ಅಪಾಯ. ಕೇಳಿಯೇ ನುಂಗಿ.

ಹಲ್ಲುನೋವಿಗೆ ಬ್ರಾಂದಿಯಲ್ಲಿ ಹತ್ತಿ ಅದ್ದಿ ಇಡುವುದು ನಮ್ಮಲ್ಲಿ ಹಳೇ ಮದ್ದು. ಸ್ವಲ್ಪ ಹೊತ್ತು ಮರಗಟ್ಟುತ್ತದೆ, ವಸಡು ಸುಟ್ಟು ಬೆಳ್ಳಗಾಗುತ್ತದೆ, ಬೇರಿನ ಕೀವು ಹಾಗೇ ಇರುತ್ತದೆ. ಮುಖ ಊದಿ ಜ್ವರ ಬಂದರೆ, ನುಂಗಲು ಉಸಿರಾಡಲು ಕಷ್ಟವಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಹೆಜ್ಜೆ 7: ಬಿಡುವುದಾದರೆ

ದಿನಾ ಕುಡಿಯುವವರು, ಬೆಳಿಗ್ಗೆ ಎದ್ದಾಗ ಕೈ ನಡುಗುವವರು ಒಂದೇ ಏಟಿಗೆ ಬಿಡಬೇಡಿ. ಫಿಟ್ಸ್ ಬರಬಹುದು, ಭ್ರಮೆ ಆಗಬಹುದು, ಜೀವಕ್ಕೇ ಅಪಾಯವಾಗಬಹುದು. ಡಾಕ್ಟರ ಕಣ್ಗಾವಲಿನಲ್ಲಿ, ಮಾತ್ರೆ ತಗೊಂಡು ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ವಿಭಾಗ ಇದೆ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕೇಳಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಮಾಡಬಹುದು.

ಬಿಟ್ಟ ಮೇಲೂ ಟಾರ್ಚ್ ನಿಲ್ಲಿಸಬೇಡಿ. ಅಪಾಯ ವರ್ಷ ಕಳೆದಂತೆ ಇಳಿಯುತ್ತದೆ, ಬಿಟ್ಟ ಮರುದಿನವೇ ಇಳಿಯುವುದಿಲ್ಲ. ನಮ್ಮ ಮಾವ ಮೊದಲು ಕಡ್ಡಿಪುಡಿ ಬಿಟ್ಟರು, ಏಳು ತಿಂಗಳ ನಂತರ ಎಣ್ಣೆ. ಕಲೆಯನ್ನು ತೆಗೆದಿದ್ದಾರೆ. ಮೂರು ತಿಂಗಳಿಗೊಮ್ಮೆ ತಪಾಸಣೆ ಇನ್ನೂ ಇದೆ. ಭಾನುವಾರದ ಟಾರ್ಚನ್ನು ಈಗ ಮೊಮ್ಮಗಳು ಹಿಡಿಯುತ್ತಾಳೆ. "ತಾತ, ನಾಲಿಗೆ ಎತ್ತು" ಅನ್ನುತ್ತಾಳೆ, ಅವರು ಟವೆಲ್ ಹೆಗಲ ಮೇಲೆ ಹಾಕಿಕೊಂಡು ಎತ್ತುತ್ತಾರೆ.